ಬೇಸ್ ಐಸೊಲೇಷನ್ ಕಟ್ಟಡ: ಗಾಳಿಯ ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳಬಹುದೇ?

ನೆಲಗಟ್ಟು ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಬೇಸ್ ಐಸೊಲೇಷನ್ (ಭೂಕಂಪದ ಅಲುಗಾಟ ಮೇಲೇರದಂತೆ ಅಡಿಪಾಯಕ್ಕೂ ಕಟ್ಟಡಕ್ಕೂ ನಡುವೆ ಮೆತ್ತನೆಯ ಬೇರಿಂಗ್‌ಗಳನ್ನು ಕೂರಿಸುವ ವಿಧಾನ) ಇರುವ ಎರಡು ಕಟ್ಟಡಗಳ ವಿನ್ಯಾಸದಲ್ಲಿ ತೊಡಗಿದ್ದೇನೆ. ಎರಡೂ ಹತ್ತು ಅಂತಸ್ತಿನವು, ಪ್ರತಿ ಅಂತಸ್ತಿನ ಎತ್ತರ 3.5 ಮೀಟರ್, ಕಾಂಕ್ರೀಟ್ ಚೌಕಟ್ಟು. ಮೊದಲನೆಯದರ ತಳ 30 ಮೀಟರ್‌ನ ಚೌಕ. ಎರಡನೆಯದು 60 ಮೀಟರ್ ಉದ್ದ, 12 ಮೀಟರ್ ಅಗಲ. ಎರಡಕ್ಕೂ ಸೀಸದ ತಿರುಳಿರುವ ರಬ್ಬರ್ ಬೇರಿಂಗ್‌ಗಳನ್ನೇ ಆರಿಸಿದ್ದೇವೆ. ಭೂಕಂಪದ ವಿಶ್ಲೇಷಣೆ ಮುಗಿದಿದೆ, ಫಲಿತಾಂಶ ಚೆನ್ನಾಗಿಯೇ ಬಂದಿದೆ.

ನನ್ನನ್ನು ಕಾಡುತ್ತಿರುವುದು ಗಾಳಿ. ಕಚೇರಿಯ ಹಿರಿಯರೊಬ್ಬರು "ಹತ್ತು ಅಂತಸ್ತಿಗೆ ಗಾಳಿ ಯಾವ ಲೆಕ್ಕ, ಕೊನೆಯಲ್ಲಿ ಒಮ್ಮೆ ನೋಡಿದರಾಯಿತು" ಎನ್ನುತ್ತಾರೆ. ಮಾಮೂಲಿ ಕಟ್ಟಡಕ್ಕೆ ಆ ಮಾತು ಸರಿಯಿರಬಹುದು. ಆದರೆ ಇಲ್ಲಿ ಭೂಕಂಪಕ್ಕೆಂದು ಕಟ್ಟಡದ ಬುಡವನ್ನು ನಾವೇ ಕೈಯಾರೆ ಮೆತ್ತಗೆ ಮಾಡಿದ್ದೇವೆ. ಭೂಕಂಪ ಬರುವುದು ಎಂದೋ ಒಮ್ಮೆ, ಗಾಳಿ ದಿನವೂ ಬೀಸುತ್ತದೆ. ಆ ಮೆತ್ತನೆಯ ಬುಡ ದಿನನಿತ್ಯದ ಗಾಳಿಗೆ, ಚಂಡಮಾರುತಕ್ಕೆ ಹೇಗೆ ಸ್ಪಂದಿಸುತ್ತದೆ? ಅನುಭವವಿದ್ದವರು ತಿಳಿಸಿ.

ಬಿರುಗಾಳಿ ಲೆಕ್ಕಿಗ ಬರೆದಿದ್ದಾರೆ:

ಒಳ್ಳೆಯ ಪ್ರಶ್ನೆ, ಸರಿಯಾದ ಹಂತದಲ್ಲಿಯೇ ಕೇಳಿದ್ದೀರಿ. "ಎಷ್ಟು ಅಂತಸ್ತು" ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಡಿ.

ಐಸೊಲೇಷನ್ ಪದರದ (ಬೇರಿಂಗ್‌ಗಳು ಕೂತಿರುವ ಮಟ್ಟದ) ಮಟ್ಟಿಗೆ ಮುಖ್ಯವಾದುದು ಗಾಳಿಯ ಒಟ್ಟು ತಳ್ಳುವ ಬಲಕ್ಕೂ ಕಟ್ಟಡದ ತೂಕಕ್ಕೂ ಇರುವ ಅನುಪಾತ. ಗಾಳಿಯ ಬಲವೆಂದರೆ ಒತ್ತಡ, ಎತ್ತರ ಮತ್ತು ಗಾಳಿಗೆ ಎದುರಾದ ಮುಖದ ಅಗಲ ಇವುಗಳ ಗುಣಲಬ್ಧ. ತೂಕವೆಂದರೆ ಒಂದು ಚದರ ಮೀಟರ್ ಮಹಡಿಯ ಭಾರ, ಮಹಡಿಗಳ ಸಂಖ್ಯೆ, ಮುಖದ ಅಗಲ ಮತ್ತು ಗಾಳಿ ಸಾಗುವ ದಿಕ್ಕಿನಲ್ಲಿ ಕಟ್ಟಡದ ಆಳ ಇವುಗಳ ಗುಣಲಬ್ಧ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮುಖದ ಅಗಲ ಹಾರಿಹೋಗುತ್ತದೆ, ಮಹಡಿಗಳ ಸಂಖ್ಯೆಯೂ ಹಾರಿಹೋಗುತ್ತದೆ. ಉಳಿಯುವುದು ಇಷ್ಟೇ: ಒತ್ತಡವನ್ನು ಒಂದು ಅಂತಸ್ತಿನ ಎತ್ತರದಿಂದ ಗುಣಿಸಿ, ಚದರ ಮೀಟರಿನ ಭಾರ ಮತ್ತು ಕಟ್ಟಡದ ಆಳದ ಗುಣಲಬ್ಧದಿಂದ ಭಾಗಿಸಿ.

ನಿಮ್ಮ ಕಟ್ಟಡಗಳಿಗೆ ಹಾಕಿ ನೋಡೋಣ. ಎದುರು ಮುಖದ ಒತ್ತುವಿಕೆ, ಹಿಂಬದಿಯ ಎಳೆತ, ಬಿರುಸಿನ ಪರಿಣಾಮ ಎಲ್ಲ ಸೇರಿ ಸರಾಸರಿ 2 ಕಿಲೋಪಾಸ್ಕಲ್ ಎಂದಿಟ್ಟುಕೊಳ್ಳಿ. ಮಹಡಿಯ ಭಾರ ಚದರ ಮೀಟರಿಗೆ 12 ಕಿಲೋನ್ಯೂಟನ್. ಚೌಕ ಕಟ್ಟಡಕ್ಕೆ ಗಾಳಿಯ ಬಲ 2,100 ಕಿಲೋನ್ಯೂಟನ್, ತೂಕ 1,08,000, ಅನುಪಾತ ಶೇ 1.9. ಉದ್ದನೆಯ ಕಟ್ಟಡದ 60 ಮೀಟರಿನ ಮುಖಕ್ಕೆ ಗಾಳಿ ಬಡಿದರೆ ಬಲ 4,200, ತೂಕ 86,400, ಅನುಪಾತ ಶೇ 4.9. ಅದೇ ಕಟ್ಟಡದ ಕಿರಿದಾದ ತುದಿಗೆ ಬಡಿದರೆ ಶೇ 1 ಕೂಡ ಇಲ್ಲ.

ಅಂದರೆ ಎರಡೂ ಹತ್ತೇ ಅಂತಸ್ತಿನವಾದರೂ ಒಂದಕ್ಕೆ ಗಾಳಿ ನಿಜಕ್ಕೂ ಲೆಕ್ಕಕ್ಕಿಲ್ಲ, ಇನ್ನೊಂದಕ್ಕೆ ಅದೇ ವಿನ್ಯಾಸದ ಯಜಮಾನ. ಎತ್ತರ ಹೆಚ್ಚಿದಂತೆ ಗಾಳಿಯ ವೇಗ ಏರುವುದರಿಂದ ಒತ್ತಡ ಏರುತ್ತದೆ ಎಂಬುದು ನಿಜ. ಆದರೂ ತೆಳ್ಳಗಿನ ಕಟ್ಟಡ, ಹಗುರವಾದ ಕಟ್ಟಡ ಇವೇ ಮೊದಲು ತೊಂದರೆ ಕೊಡುವುದು. ಇದೇ ಉದ್ದನೆಯ ಕಟ್ಟಡವನ್ನು ಚದರ ಮೀಟರಿಗೆ 7 ಕಿಲೋನ್ಯೂಟನ್ ತೂಗುವ ಉಕ್ಕಿನ ಚೌಕಟ್ಟಿನಲ್ಲಿ ಕಟ್ಟಿದರೆ ಅನುಪಾತ ಶೇ 8 ದಾಟುತ್ತದೆ.

ಹನ್ನೆರಡನೇ ಮಹಡಿ ಬರೆದಿದ್ದಾರೆ:

ನಾನು ಎಂಜಿನಿಯರ್ ಅಲ್ಲ, ಇಂಥದೊಂದು ಕಟ್ಟಡದಲ್ಲಿ ಮನೆ ಕೊಳ್ಳುವ ಯೋಚನೆಯಲ್ಲಿರುವವನು. ರಬ್ಬರಿನ ಮೇಲೆ ನಿಂತ ಕಟ್ಟಡ ಎಂದ ಕೂಡಲೇ ಮನೆಯವರು ಹೆದರಿದ್ದಾರೆ. ಜೋರು ಗಾಳಿ ಬಂದಾಗಲೆಲ್ಲ ಮನೆ ತೂಗಾಡುತ್ತದೆಯೇ? ಬಾಗಿಲು ಕಿಟಕಿ ಬಿಗಿದುಕೊಳ್ಳುತ್ತವೆಯೇ?

ಸೀಸದ ತಿರುಳು ಬರೆದಿದ್ದಾರೆ:

ಹನ್ನೆರಡನೇ ಮಹಡಿಯವರೇ, ಮನೆಯವರಿಗೆ ಧೈರ್ಯ ಹೇಳಿ. ಆ ಬೇರಿಂಗ್ ಬರೀ ರಬ್ಬರ್ ಅಲ್ಲ. ರಬ್ಬರ್ ಹಾಳೆ, ಉಕ್ಕಿನ ತಗಡು ಒಂದರ ಮೇಲೊಂದು ಅಂಟಿಸಿದ ದಿಂಡು, ಅದರ ನಡುವೆ ಕೊರೆದ ರಂಧ್ರದಲ್ಲಿ ಒತ್ತಿ ಕೂರಿಸಿದ ಸೀಸದ ಕಂಬ. ನ್ಯೂಜಿಲೆಂಡಿನ ಬಿಲ್ ರಾಬಿನ್ಸನ್ 1970ರ ದಶಕದಲ್ಲಿ ಇದನ್ನು ರೂಪಿಸಿದರು, ವೆಲಿಂಗ್ಟನ್ನಿನ ವಿಲಿಯಂ ಕ್ಲೇಟನ್ ಕಟ್ಟಡದಲ್ಲಿ ಮೊದಲು ಬಳಕೆಗೆ ಬಂತು. ಸೀಸದ ಕೆಲಸ ಎರಡು. ಭೂಕಂಪದಲ್ಲಿ ಬಾಗಿ ಬಾಗಿ ಶಕ್ತಿಯನ್ನು ನುಂಗುವುದು ಒಂದು. ಉಳಿದೆಲ್ಲ ದಿನ ಗಾಳಿಗೆ ಅಲುಗಾಡದಂತೆ ಕಟ್ಟಡವನ್ನು ಹಿಡಿದಿಡುವುದು ಇನ್ನೊಂದು. ಈ ಎರಡನೆಯ ಕೆಲಸವನ್ನು ಜನ ಮರೆಯುತ್ತಾರೆ.

ನೆಲಗಟ್ಟು ಅವರ ಚೌಕ ಕಟ್ಟಡವನ್ನೇ ತೆಗೆದುಕೊಳ್ಳಿ. ಸೀಸ ಇಳುವರಿಗೆ ಬಂದ (ಗಟ್ಟಿಯಾಗಿ ನಿಲ್ಲುವುದನ್ನು ಬಿಟ್ಟು ಬಾಗತೊಡಗಿದ) ನಂತರದ ಆವರ್ತಕಾಲ (ಕಟ್ಟಡ ಒಮ್ಮೆ ಅತ್ತಿತ್ತ ಓಲಾಡಲು ಹಿಡಿಯುವ ಸಮಯ) 3.5 ಸೆಕೆಂಡ್ ಎಂದಿಟ್ಟುಕೊಂಡರೆ ಆ ಹಂತದ ಬಿಗಿತ ಮಿಲಿಮೀಟರಿಗೆ ಸುಮಾರು 35 ಕಿಲೋನ್ಯೂಟನ್. ಸೀಸ ಗಟ್ಟಿಯಾಗಿ ನಿಂತಿರುವಾಗಿನ ಬಿಗಿತ ಸಾಮಾನ್ಯವಾಗಿ ಅದರ ಹತ್ತು ಪಟ್ಟಿನ ಆಸುಪಾಸು. 2,100 ಕಿಲೋನ್ಯೂಟನ್ ಗಾಳಿಗೆ ಸೀಸವಿದ್ದರೆ ಕಟ್ಟಡ ಸರಿಯುವುದು 6 ಮಿಲಿಮೀಟರ್. ಸೀಸವಿಲ್ಲದೆ ಬರೀ ರಬ್ಬರ್ ಇದ್ದಿದ್ದರೆ 59 ಮಿಲಿಮೀಟರ್. ಅದೂ ವಿನ್ಯಾಸದ ಗರಿಷ್ಠ ಗಾಳಿಗೆ, ವರ್ಷಕ್ಕೊಮ್ಮೆ ಬರುವ ಗಾಳಿಗೆ ಅಲ್ಲ.

ಬಾಗಿಲು ಕಿಟಕಿಯ ಭಯವೂ ಬೇಡ. ಅವು ಬಿಗಿದುಕೊಳ್ಳುವುದು ಒಂದು ಮಹಡಿಗೂ ಮೇಲಿನ ಮಹಡಿಗೂ ನಡುವೆ ಓರೆಯಾದಾಗ. ಇಲ್ಲಿ ಚಲನೆ ನಡೆಯುವುದು ನೆಲಮಟ್ಟದ ಕೆಳಗಿನ ಪದರದಲ್ಲಿ, ಮೇಲಿನ ಕಟ್ಟಡ ಒಟ್ಟಾಗಿಯೇ ಸರಿಯುತ್ತದೆ.

ಹನ್ನೆರಡನೇ ಮಹಡಿ ಬರೆದಿದ್ದಾರೆ:

ತುಂಬಾ ಧನ್ಯವಾದ. ಬಿಲ್ಡರ್ ಬಳಿ ಏನು ಕೇಳಬೇಕು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಸೀಸದ ತಿರುಳು ಬರೆದಿದ್ದಾರೆ:

ಎರಡೇ ಪ್ರಶ್ನೆ ಕೇಳಿ. ವಿನ್ಯಾಸದ ಗಾಳಿಗೆ ಐಸೊಲೇಷನ್ ಪದರ ಎಷ್ಟು ಮಿಲಿಮೀಟರ್ ಸರಿಯುತ್ತದೆ? ಮೇಲಿನ ಮಹಡಿಯಲ್ಲಿ ಗಾಳಿಯಿಂದಾಗುವ ವೇಗೋತ್ಕರ್ಷ ಎಷ್ಟು ಮಿಲಿ ಜಿ (ಗುರುತ್ವದ ವೇಗೋತ್ಕರ್ಷದ ಸಾವಿರದಲ್ಲಿ ಎಷ್ಟು ಪಾಲು)? ವಾಸದ ಮನೆಗಳಿಗೆ ಹತ್ತು ವರ್ಷಕ್ಕೊಮ್ಮೆ ಬರುವ ಗಾಳಿಯಲ್ಲಿ 15ರಿಂದ 18 ಮಿಲಿ ಜಿ ಎಂಬುದು ಎತ್ತರದ ಕಟ್ಟಡಗಳಲ್ಲಿ ರೂಢಿಯಲ್ಲಿರುವ ಮಿತಿ. ಲೆಕ್ಕ ಮಾಡಿದವರು ಈ ಎರಡಕ್ಕೂ ಅಂಕಿಯಲ್ಲೇ ಉತ್ತರ ಕೊಡಬಲ್ಲರು.

ನೆಲಗಟ್ಟು ಬರೆದಿದ್ದಾರೆ:

ಲೆಕ್ಕಿಗರ ಸೂತ್ರ ನೋಡಿ ಎಚ್ಚರಾಯಿತು. ನಮ್ಮ ಸೀಸದ ಒಟ್ಟು ಸಾಮರ್ಥ್ಯವನ್ನು ಎರಡೂ ಕಟ್ಟಡಗಳಿಗೆ ತೂಕದ ಶೇ 5ಕ್ಕೆ ಇಟ್ಟಿದ್ದೇವೆ. ಚೌಕ ಕಟ್ಟಡದಲ್ಲಿ 5,400 ಕಿಲೋನ್ಯೂಟನ್, ಗಾಳಿ 2,100. ನಿಶ್ಚಿಂತೆ. ಉದ್ದನೆಯದರಲ್ಲಿ ಸೀಸ 4,320, ಗಾಳಿ 4,200. ಕಾಗದದ ಮೇಲೆ ಇನ್ನೂ ಪಾಸಾಗಿದೆ. ಇದನ್ನು ಒಪ್ಪಬಹುದೇ?

ಸೀಸದ ತಿರುಳು ಬರೆದಿದ್ದಾರೆ:

ಒಪ್ಪಬೇಡಿ. ಬೇರಿಂಗ್ ಪರೀಕ್ಷೆಯ ಕೆಲಸದಲ್ಲಿರುವವನಾಗಿ ಇದನ್ನು ಒತ್ತಿ ಹೇಳುತ್ತೇನೆ.

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ನಿರಪೇಕ್ಷ ಮಾನದಲ್ಲಿ 600 ಕೆಲ್ವಿನ್. ನಾವು ಕೂತಿರುವ ಕೋಣೆಯ ಉಷ್ಣತೆ ಸುಮಾರು 300 ಕೆಲ್ವಿನ್. ಅಂದರೆ ಸೀಸಕ್ಕೆ ಕೋಣೆಯ ಉಷ್ಣತೆಯೇ ಕರಗುವ ಬಿಂದುವಿನ ಅರ್ಧ ದಾರಿ. ಭೂಕಂಪದಲ್ಲಿ ಇದು ವರದಾನ: ಎಷ್ಟು ಬಾಗಿದರೂ ಸೀಸದ ಹರಳುಗಳು ಮತ್ತೆ ಹೊಸದಾಗಿ ಕೂಡಿಕೊಳ್ಳುತ್ತವೆ, ಲೋಹ ದಣಿಯುವುದು ಕಡಿಮೆ. ಆದರೆ ಒಂದೇ ಕಡೆಗೆ ಗಂಟೆಗಟ್ಟಲೆ ತಳ್ಳುತ್ತಿದ್ದರೆ ಅದೇ ಗುಣ ಶಾಪವಾಗುತ್ತದೆ. ಸೀಸ ನಿಧಾನವಾಗಿ ಹರಿಯುತ್ತದೆ. ನಾವು ಇಳುವರಿ ಬಲ ಎಂದು ಪಟ್ಟಿಯಿಂದ ತೆಗೆದುಕೊಳ್ಳುವ ಅಂಕಿ, 8 ಮೆಗಾಪಾಸ್ಕಲ್ ಆಗಲಿ 10 ಆಗಲಿ, ಭೂಕಂಪದ ಚುರುಕಿನ ಚಲನೆಯಲ್ಲಿ ಅಳೆದದ್ದು. 200 ಮಿಲಿಮೀಟರ್ ವ್ಯಾಸದ ಒಂದು ತಿರುಳು ಆ ವೇಗದಲ್ಲಿ ಸುಮಾರು 250 ಕಿಲೋನ್ಯೂಟನ್ ತಡೆಯುತ್ತದೆ. ಅದೇ ತಿರುಳಿನ ಮೇಲೆ ಅದಕ್ಕಿಂತ ಕಡಿಮೆ ಬಲವನ್ನು ಹಾಕಿ ಬಿಟ್ಟುಬಿಡಿ, ಸ್ಥಾನಾಂತರದ ಗೆರೆ ಮೇಲಕ್ಕೆ ತೆವಳುತ್ತಲೇ ಹೋಗುತ್ತದೆ. ಪ್ರಯೋಗಾಲಯದ ಪರದೆಯ ಮೇಲೆ ಅದನ್ನು ಕಣ್ಣಾರೆ ಕಂಡವರಾರೂ 4,320ಕ್ಕೆ 4,200 ಸಾಕು ಎನ್ನುವುದಿಲ್ಲ.

ಚಂಡಮಾರುತದ ಗಾಳಿಯಲ್ಲಿ ಬಿರುಸು ಬಂದು ಹೋಗುವ ಭಾಗ ಒಂದು, ಸದಾ ಒಂದೇ ದಿಕ್ಕಿಗೆ ತಳ್ಳುವ ಸರಾಸರಿ ಭಾಗ ಇನ್ನೊಂದು. ಭೂಕಂಪದಲ್ಲಿ ಈ ಎರಡನೆಯದು ಇಲ್ಲವೇ ಇಲ್ಲ, ಆದ್ದರಿಂದ ಭೂಕಂಪಕ್ಕೆ ಪಳಗಿದ ಕಣ್ಣಿಗೆ ಅದು ಕಾಣುವುದಿಲ್ಲ. ಗರಿಷ್ಠ ಬಲವನ್ನು ಸೀಸದೊಂದಿಗೆ ಹೋಲಿಸಿ, ಜೊತೆಗೆ ಸರಾಸರಿ ಭಾಗವನ್ನು ಬೇರೆಯಾಗಿ ತೆಗೆದು, ಗಾಳಿ ನಿಲ್ಲುವವರೆಗಿನ ತೆವಳುವಿಕೆಯನ್ನೂ ಲೆಕ್ಕ ಹಾಕಿ. ಸರಾಸರಿ ಭಾಗವನ್ನು ಪೂರ್ತಿ ರಬ್ಬರೇ ಹೊರುತ್ತದೆ ಎಂದುಕೊಂಡು ಸ್ಥಾನಾಂತರ ತೆಗೆಯುವುದು ಸುರಕ್ಷಿತವಾದ ಮೊದಲ ಅಂದಾಜು.

ಎಣ್ಣೆ ಡ್ಯಾಂಪರ್ ಬರೆದಿದ್ದಾರೆ:

ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ? ಐಸೊಲೇಷನ್ ಪದರದಲ್ಲಿ ನಾಲ್ಕಾರು ದ್ರವ ಡ್ಯಾಂಪರ್ (ಎಣ್ಣೆ ತುಂಬಿದ, ಓಲಾಟದ ಶಕ್ತಿ ನುಂಗುವ ಸಾಧನ) ಹಾಕಿ. ಅವು ಸಣ್ಣ ಚಲನೆಗೂ ಕೆಲಸ ಮಾಡುತ್ತವೆ, ಇಳುವರಿಗೆ ಕಾಯುವುದಿಲ್ಲ. ಗಾಳಿಯ ಓಲಾಟ ತಾನಾಗಿ ಇಳಿಯುತ್ತದೆ.

ಬಿರುಗಾಳಿ ಲೆಕ್ಕಿಗ ಬರೆದಿದ್ದಾರೆ:

ಅರ್ಧ ನಿಜ. ದ್ರವ ಡ್ಯಾಂಪರಿನ ಬಲ ವೇಗವನ್ನು ಅವಲಂಬಿಸಿದೆ. ವೇಗ ಸೊನ್ನೆಯಾದರೆ ಬಲವೂ ಸೊನ್ನೆ. ಸರಾಸರಿ ಗಾಳಿ ಕಟ್ಟಡವನ್ನು ಒಂದು ಕಡೆಗೆ ಸರಿಸಿ ಅಲ್ಲೇ ಒತ್ತಿ ಹಿಡಿದರೆ ಡ್ಯಾಂಪರ್ ಸುಮ್ಮನೆ ನೋಡುತ್ತಿರುತ್ತದೆ. ನೆಲಗಟ್ಟು ಅವರ ಸಮಸ್ಯೆ ಸರಿಯಾಗಿ ಅದೇ.

ಆದರೆ ಎತ್ತರದ ಐಸೊಲೇಟೆಡ್ ಕಟ್ಟಡಗಳಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ, ಅದಕ್ಕೆ ಕಾರಣವನ್ನೂ ಬಿಡಿಸಿ ಹೇಳುತ್ತೇನೆ. ಭೂಕಂಪದ ಶಕ್ತಿ ಹೆಚ್ಚಾಗಿ ಗಿಡ್ಡ ಆವರ್ತಕಾಲಗಳಲ್ಲಿ ಇರುತ್ತದೆ, ಹಾಗಾಗಿ ಕಟ್ಟಡದ ಆವರ್ತಕಾಲವನ್ನು ಉದ್ದಗೊಳಿಸಿ ನಾವು ತಪ್ಪಿಸಿಕೊಳ್ಳುತ್ತೇವೆ. ಗಾಳಿಯದು ತದ್ವಿರುದ್ಧ. ವ್ಯಾನ್ ಡೆರ್ ಹೋವನ್ 1957ರಲ್ಲಿ ಪ್ರಕಟಿಸಿದ ಪ್ರಸಿದ್ಧ ರೋಹಿತದಲ್ಲಿ (ಗಾಳಿಯ ಶಕ್ತಿ ಯಾವ ಆವರ್ತಕಾಲದಲ್ಲಿ ಎಷ್ಟಿದೆ ಎಂದು ತೋರಿಸುವ ನಕ್ಷೆಯಲ್ಲಿ) ಬಿರುಸುಗಳ ಶಿಖರ ಒಂದು ನಿಮಿಷದ ಆಸುಪಾಸಿನಲ್ಲಿದೆ. ಒಂದು ಸೆಕೆಂಡಿನಿಂದ ಮೂರು ಸೆಕೆಂಡಿಗೆ ಹೋದಾಗ ನಾವು ಆ ಶಿಖರದ ಕಡೆಗೇ ನಡೆದಿರುತ್ತೇವೆ. ಆ ಇಳಿಜಾರಿನಲ್ಲಿ ಆವರ್ತಕಾಲ ಮೂರು ಪಟ್ಟಾದರೆ ಬಿರುಸಿನ ಶಕ್ತಿಯ ಪಾಲು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಸುಳಿಗಳ ಕಥೆಯೂ ಹೀಗೆಯೇ. ಚೌಕ ಕಟ್ಟಡದ ಎರಡು ಬದಿಗಳಿಂದ ಸುಳಿಗಳು ಸರದಿಯಂತೆ ಕಳಚುತ್ತಾ ಅದನ್ನು ಅಡ್ಡಡ್ಡ ತೂಗುತ್ತವೆ. ಆ ಲಯ ಕಟ್ಟಡದ ಲಯಕ್ಕೆ ಕೂಡುವ ಗಾಳಿಯ ವೇಗವನ್ನು, ಮುಖದ ಅಗಲವನ್ನು ಆವರ್ತಕಾಲದಿಂದ ಭಾಗಿಸಿ ಹತ್ತರಿಂದ ಗುಣಿಸಿ ಅಂದಾಜಿಸಬಹುದು. 30 ಮೀಟರ್ ಅಗಲದ ಗೋಪುರ 2 ಸೆಕೆಂಡಿನದಾದರೆ ಸೆಕೆಂಡಿಗೆ 150 ಮೀಟರ್, ಅಂಥ ಗಾಳಿ ಬೀಸುವುದಿಲ್ಲ. 6 ಸೆಕೆಂಡಿನದಾದರೆ ಸೆಕೆಂಡಿಗೆ 50 ಮೀಟರ್, ಅದು ಚಂಡಮಾರುತದಲ್ಲಿ ಬೀಸುತ್ತದೆ. ಅದರ ಮೇಲೆ ಸೀಸ ಇಳುವರಿಗೆ ಬರುವ ಮುನ್ನ ಐಸೊಲೇಷನ್ ಪದರದ ಶಕ್ತಿ ನುಂಗುವ ಗುಣ ಬಹಳ ಕಡಿಮೆ. ಎತ್ತರದ ಕಟ್ಟಡದಲ್ಲಿ ನಿಮ್ಮ ದ್ರವ ಡ್ಯಾಂಪರ್ ಬೇಕಾಗುವುದು ಅಲ್ಲಿಯೇ. ಹತ್ತು ಅಂತಸ್ತಿನಲ್ಲಿ ಈ ಸುಳಿಯ ಚಿಂತೆ ಬೇಡ.

ಎಣ್ಣೆ ಡ್ಯಾಂಪರ್ ಬರೆದಿದ್ದಾರೆ:

ಒಪ್ಪಿದೆ. ಸರಾಸರಿ ಗಾಳಿಯನ್ನು ಹಿಡಿಯಲು ಬಿಗಿತವೋ ಇಳುವರಿ ಬಲವೋ ಬೇಕೇ ಬೇಕು, ಡ್ಯಾಂಪರ್ ಒಂದರಿಂದಲೇ ಆಗುವುದಿಲ್ಲ. ಹಾಗಾದರೆ ಸೀಸವನ್ನೇ ಹೆಚ್ಚಿಸಿ. ಶೇ 5ರ ಬದಲು 8 ಮಾಡಿದರೆ ಮುಗಿಯಿತಲ್ಲ?

ನೆಲಗಟ್ಟು ಬರೆದಿದ್ದಾರೆ:

ಅದನ್ನೂ ಓಡಿಸಿ ನೋಡಿದೆ. ದೊಡ್ಡ ಭೂಕಂಪದಲ್ಲಿ ಸ್ಥಾನಾಂತರ ಇಳಿಯಿತು, ಆದರೆ ಮಧ್ಯಮ ಭೂಕಂಪದಲ್ಲಿ ಮೇಲಿನ ಮಹಡಿಗಳ ವೇಗೋತ್ಕರ್ಷ ಏರಿಬಿಟ್ಟಿತು. ಸೀಸ ಇಳುವರಿಗೇ ಬರುತ್ತಿಲ್ಲ, ಐಸೊಲೇಷನ್ ಎಚ್ಚರಗೊಳ್ಳುವುದೇ ಇಲ್ಲ. ಅದಲ್ಲದೆ ಅಮೆರಿಕದ ವಿನ್ಯಾಸ ಸಂಹಿತೆ ಎಎಸ್‌ಸಿಇ 7ರ 17ನೇ ಅಧ್ಯಾಯದಲ್ಲಿ ಐಸೊಲೇಷನ್ ಪದರ ಚಲಿಸತೊಡಗುವ ಬಲದ 1.5 ಪಟ್ಟನ್ನು ಮೇಲಿನ ಕಟ್ಟಡ ತಾಳಬೇಕೆಂಬ ಕೆಳಮಿತಿ ಇದೆ. ಶೇ 5ಕ್ಕೆ ಅದು ಶೇ 7.5. ಶೇ 8ಕ್ಕೆ ಶೇ 12. ಕಂಬ ತೊಲೆಗಳೆಲ್ಲ ದಪ್ಪವಾಗುತ್ತವೆ.

ಬಿರುಗಾಳಿ ಲೆಕ್ಕಿಗ ಬರೆದಿದ್ದಾರೆ:

ಈ ಇಕ್ಕಟ್ಟೇ ಇಡೀ ವಿಷಯದ ತಿರುಳು ಎನ್ನುತ್ತೇನೆ. ಇಳುವರಿ ಬಲಕ್ಕೆ ಗಾಳಿ ಕೆಳಗಿನ ಗೆರೆ ಎಳೆಯುತ್ತದೆ, ಭೂಕಂಪ ಮೇಲಿನ ಗೆರೆ ಎಳೆಯುತ್ತದೆ. ಎರಡು ಗೆರೆಗಳ ನಡುವೆ ಜಾಗವಿದ್ದರೆ ವಿನ್ಯಾಸ ಸಲೀಸು. ಚೌಕ ಕಟ್ಟಡದಲ್ಲಿ ಜಾಗ ಧಾರಾಳವಾಗಿದೆ, ಉದ್ದನೆಯದರಲ್ಲಿ ಗೆರೆಗಳು ಹತ್ತಿರ ಬಂದಿವೆ. ಕಟ್ಟಡದ ಆಕಾರ ಗಟ್ಟಿಯಾಗುವ ಮೊದಲೇ ಈ ಭಾಗಾಕಾರ ಮಾಡಿದ್ದರೆ ವಾಸ್ತುಶಿಲ್ಪಿಯೊಂದಿಗೆ 12 ಮೀಟರಿನ ಬಗ್ಗೆ ಮಾತನಾಡಬಹುದಿತ್ತು. ಹದಿನಾರು ಮೀಟರ್ ಆಗಿದ್ದರೂ ಅನುಪಾತ ಶೇ 3.6ಕ್ಕೆ ಇಳಿಯುತ್ತಿತ್ತು. ಗಾಳಿಯನ್ನು ಕೊನೆಗೆ ಇಟ್ಟುಕೊಳ್ಳಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಜಾರುಬಿಲ್ಲೆ ಬರೆದಿದ್ದಾರೆ:

ಸೀಸ ಬಿಟ್ಟು ಘರ್ಷಣೆಯ ಲೋಲಕ ಬೇರಿಂಗನ್ನು ಯಾರೂ ಪ್ರಸ್ತಾಪಿಸಲಿಲ್ಲ. ಬಟ್ಟಲಿನಂತಹ ಬಾಗಿದ ಉಕ್ಕಿನ ಮೇಲೆ ಜಾರುವ ಬಿಲ್ಲೆ. ಆವರ್ತಕಾಲ ಬಟ್ಟಲಿನ ತ್ರಿಜ್ಯವನ್ನು ಮಾತ್ರ ಅವಲಂಬಿಸಿದೆ, 2.24 ಮೀಟರ್ ತ್ರಿಜ್ಯಕ್ಕೆ 3 ಸೆಕೆಂಡ್, ಕಟ್ಟಡದ ತೂಕ ಎಷ್ಟೇ ಇರಲಿ. ಗಾಳಿಯ ಬಲ ಘರ್ಷಣೆಯನ್ನು ಮೀರುವವರೆಗೆ ಕಟ್ಟಡ ಜಾರುವುದಿಲ್ಲ.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಪಟ್ಟಿಯಲ್ಲಿ ಕೊಡುವ ಘರ್ಷಣಾಂಕ ಹೆಚ್ಚಾಗಿ ಭೂಕಂಪದ ವೇಗದ್ದು. ಟೆಫ್ಲಾನ್ ಜಾತಿಯ ಪದರಗಳಲ್ಲಿ ನಿಧಾನ ಚಲನೆಯ ಘರ್ಷಣೆ ಅದಕ್ಕಿಂತ ಸಾಕಷ್ಟು ಕಡಿಮೆ. ನಿಂತಲ್ಲಿಂದ ಹೊರಡಲು ಹೆಚ್ಚು ಬಲ ಬೇಕು, ಒಮ್ಮೆ ಹೊರಟ ಮೇಲೆ ನಿಧಾನಗತಿಯ ಆ ಕಡಿಮೆ ಘರ್ಷಣೆಯೇ ಎದುರಿಗಿರುತ್ತದೆ. ಗಾಳಿಯ ಪರಿಶೀಲನೆಗೆ ಆ ಕಡಿಮೆ ಅಂಕಿಯನ್ನೇ ಬಳಸಿ. ಚಾವಣಿಯನ್ನು ಗಾಳಿ ಮೇಲಕ್ಕೆ ಹೀರುವುದರಿಂದ ತೂಕ ಇಳಿಯುತ್ತದೆ, ತೂಕ ಇಳಿದಷ್ಟೂ ಘರ್ಷಣೆ ಇಳಿಯುತ್ತದೆ. ಹಗುರ ಕಟ್ಟಡದಲ್ಲಿ ಇದನ್ನು ಬಿಡುವಂತಿಲ್ಲ.

ಸುರುಳಿಕಂಬಿ ಬರೆದಿದ್ದಾರೆ:

ಹಗುರ ಎಂದಿರಿ, ಮರದ ಮನೆಗೆ ಲೆಕ್ಕಿಗರ ಸೂತ್ರ ಹಾಕಿದೆ. ಒತ್ತಡ 1.2 ಕಿಲೋಪಾಸ್ಕಲ್, ಅಂತಸ್ತು 3 ಮೀಟರ್, ಭಾರ ಚದರ ಮೀಟರಿಗೆ 2.5 ಕಿಲೋನ್ಯೂಟನ್, ಆಳ 8 ಮೀಟರ್. ಶೇ 18 ಬಂತು! ಜಪಾನಿನಲ್ಲಿ ಐಸೊಲೇಷನ್ ಇರುವ ಮರದ ಮನೆಗಳಿಗೆ ಗಾಳಿಯ ಸಲುವಾಗಿಯೇ ಬೀಗದಂತಹ ಸಾಧನ ಹಾಕುತ್ತಾರೆ ಎಂದು ಓದಿದ್ದೆ, ಕಾರಣ ಈಗ ಅರ್ಥವಾಯಿತು. ಹಾಗಾದರೆ ಉದ್ದನೆಯ ಕಟ್ಟಡಕ್ಕೂ ಅಂಥ ಬೀಗ ಹಾಕಬಾರದೇಕೆ?

ಸೀಸದ ತಿರುಳು ಬರೆದಿದ್ದಾರೆ:

ಹಾಕಬಹುದು, ಆದರೆ ಬೀಗದ ಹೊಣೆ ದೊಡ್ಡದು. ಮುರಿಯುವ ಬೀಗದ ಯೋಚನೆ ಹಳೆಯದು. 1969ರಲ್ಲಿ ಈಗಿನ ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆ ನಗರದ ಪೆಸ್ಟಲೋಜಿ ಶಾಲೆಯನ್ನು ರಬ್ಬರ್ ದಿಂಡುಗಳ ಮೇಲೆ ಕಟ್ಟಿದಾಗ, ಸಣ್ಣ ಬಲಗಳಿಗೆ ಕಟ್ಟಡ ಅಲುಗಾಡದಿರಲೆಂದು ನೊರೆಗಾಜಿನ ಇಟ್ಟಿಗೆಗಳನ್ನು ಕೂರಿಸಿದ್ದರು. ನಿಗದಿತ ಬಲ ಮೀರಿದರೆ ಅವು ಒಡೆಯಬೇಕು. ಇಂದು ಅದರ ಜಾಗದಲ್ಲಿ ಉಕ್ಕಿನ ಪಿನ್ ಬಳಸುತ್ತಾರೆ. ತೊಂದರೆ ಏನೆಂದರೆ ಹತ್ತು ಪಿನ್‌ಗಳು ಒಂದೇ ಗಳಿಗೆಯಲ್ಲಿ ಮುರಿಯುವುದಿಲ್ಲ. ಒಂದು ತುದಿಯವು ಮೊದಲು ಮುರಿದರೆ ಕಟ್ಟಡ ತಿರುಚಿಕೊಳ್ಳುತ್ತದೆ. ನಿಮ್ಮ 60 ಮೀಟರ್ ಉದ್ದದಲ್ಲಿ ಆ ತಿರುಚು ಸಣ್ಣದಲ್ಲ. ಮುರಿದ ಮೇಲೆ ಬದಲಿಸುವವರೆಗೆ ಗಾಳಿಗೆ ರಕ್ಷಣೆ ಇಲ್ಲ. ಪಿನ್ನಿನ ಗರಿಷ್ಠ ಸಾಮರ್ಥ್ಯವನ್ನು ಮೇಲಿನ ಕಟ್ಟಡದ ವಿನ್ಯಾಸ ಬಲದಲ್ಲಿ ಸೇರಿಸಬೇಕೆಂಬ ನಿಯಮವೂ ಇದೆ, ಹಾಗಾಗಿ ಉಳಿತಾಯವೂ ಕಡಿಮೆ.

ಅಧಿಕ ಡ್ಯಾಂಪಿಂಗ್ ಇರುವ (ತಾನೇ ಓಲಾಟದ ಶಕ್ತಿಯನ್ನು ಹೆಚ್ಚಾಗಿ ನುಂಗುವ) ರಬ್ಬರ್ ಇನ್ನೊಂದು ದಾರಿ. ಕ್ಯಾಲಿಫೋರ್ನಿಯಾದಲ್ಲಿ 1985ರಲ್ಲಿ ಮುಗಿದ ಫುಟ್‌ಹಿಲ್ ನ್ಯಾಯಾಂಗ ಕಟ್ಟಡದಲ್ಲಿ ಅದನ್ನೇ ಬಳಸಿದರು. ಸಣ್ಣ ಚಲನೆಗೆ ಆ ರಬ್ಬರ್ ಹಲವು ಪಟ್ಟು ಬಿಗಿ, ದೊಡ್ಡ ಚಲನೆಗೆ ಮೆತ್ತಗಾಗುತ್ತದೆ. ಗಾಳಿಗೆ ಬೇಕಾದ ಬಿಗಿತ ವಸ್ತುವಿನಲ್ಲೇ ಅಡಗಿದೆ. ಆದರೆ ಶೇ 4.9 ಅನುಪಾತಕ್ಕೆ ಅದೂ ಹಿಗ್ಗಾಮುಗ್ಗಾ ದುಡಿಯಬೇಕಾಗುತ್ತದೆ.

ಸೆಂಟ್ರಿಂಗ್ ಬರೆದಿದ್ದಾರೆ:

ನಿವೇಶನದಲ್ಲಿ ಕೆಲಸ ಮಾಡುವವಳ ಮಾತನ್ನೂ ಕೇಳಿ. ನೀವೆಲ್ಲ ಮುಗಿದ ಕಟ್ಟಡದ ಲೆಕ್ಕ ಹಾಕುತ್ತಿದ್ದೀರಿ. ಕಟ್ಟುತ್ತಿರುವಾಗ ಎರಡು ಮೂರು ಮಹಡಿಯ ತೂಕ ಮಾತ್ರ ಇರುತ್ತದೆ, ಸುತ್ತಲೂ ಬಲೆ ಹೊದಿಸಿದ ಸಾರುವೆ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಜಾರು ಬೇರಿಂಗ್ ಆದರೆ ಆ ಹಂತದಲ್ಲಿ ಘರ್ಷಣೆಯೂ ಕಡಿಮೆ. ಅದಕ್ಕೆಂದು ಬೇರಿಂಗಿನ ಮೇಲಿನ ಕೆಳಗಿನ ತಟ್ಟೆಗಳನ್ನು ಜೋಡಿಸುವ ತಾತ್ಕಾಲಿಕ ಉಕ್ಕಿನ ಪಟ್ಟಿ ಹಾಕುತ್ತೇವೆ. ಯಾವ ಹಂತದಲ್ಲಿ ಅವುಗಳನ್ನು ಬಿಚ್ಚಬೇಕು, ಬಿಚ್ಚಿದ್ದಕ್ಕೆ ಯಾರು ಸಹಿ ಹಾಕಬೇಕು ಎಂಬುದನ್ನು ನಕ್ಷೆಯಲ್ಲೇ ಬರೆಯಿರಿ. ಒಂದು ಪಟ್ಟಿ ಉಳಿದುಹೋದರೂ ಆ ಮೂಲೆಯಲ್ಲಿ ಕಟ್ಟಡ ನೆಲಕ್ಕೆ ಕಟ್ಟಿಹಾಕಿದಂತೆಯೇ.

ನಳದ ಪೈಪ್, ಲಿಫ್ಟ್ ಗುಂಡಿ, ಕಟ್ಟಡದ ಸುತ್ತಲಿನ ಕಂದಕದ ಮುಚ್ಚಳ, ಇವೆಲ್ಲ ಭೂಕಂಪದ ಒಂದೇ ದೊಡ್ಡ ಚಲನೆಗೆ ಸಿದ್ಧವಾಗಿರುತ್ತವೆ. ಗಾಳಿಯ ಸಣ್ಣ ಚಲನೆ ವರ್ಷಗಟ್ಟಲೆ ಸಾವಿರಾರು ಸಲ ಆಗುತ್ತದೆ. ಮುಚ್ಚಳದ ಅಂಚು ಕಿರುಗುಟ್ಟುವುದು, ರಬ್ಬರ್ ಸೀಲು ಸವೆಯುವುದು ಅದರಿಂದಲೇ.

ನೆಲಗಟ್ಟು ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರಿಗೆ ಎರಡು ಅನುಪಾತಗಳನ್ನು ತೋರಿಸಿದೆ, ಅವರೇ ಲೆಕ್ಕ ತಿರುಗಿಸಿ ನೋಡಿ ಗಾಳಿಯ ಪರಿಶೀಲನೆಯನ್ನು ಮುಂದಕ್ಕೆ ತಂದರು. ಚೌಕ ಕಟ್ಟಡ ಇದ್ದ ಹಾಗೆಯೇ ಇರುತ್ತದೆ. ಉದ್ದನೆಯದರಲ್ಲಿ ಸೀಸವನ್ನು ಶೇ 6ಕ್ಕೆ ಏರಿಸಿ, ಸರಾಸರಿ ಗಾಳಿಯ ತೆವಳುವಿಕೆಯನ್ನು ಬೇರೆಯಾಗಿ ಪರಿಶೀಲಿಸುತ್ತೇವೆ. ವಾಸ್ತುಶಿಲ್ಪಿ 12 ಮೀಟರನ್ನು 14ಕ್ಕೆ ಹಿಗ್ಗಿಸಲು ಒಪ್ಪಿದ್ದಾರೆ, ಅನುಪಾತ ಶೇ 4.2ಕ್ಕೆ ಇಳಿಯುತ್ತದೆ. ಕೊನೆಯ ಪ್ರಶ್ನೆ: ಬೇರಿಂಗ್ ತಯಾರಕರಿಂದ ಯಾವ ಪರೀಕ್ಷೆ ಕೇಳಬೇಕು?

ಸೀಸದ ತಿರುಳು ಬರೆದಿದ್ದಾರೆ:

ಎಎಸ್‌ಸಿಇ 7ರ ಮಾದರಿ ಪರೀಕ್ಷೆಗಳಲ್ಲಿ ವಿನ್ಯಾಸದ ಗಾಳಿ ಬಲಕ್ಕೆ ಹಿಂದೆ ಮುಂದೆ 20 ಆವರ್ತನಗಳ ಪರೀಕ್ಷೆ ಇದೆ. ಅದನ್ನು ಹೇಗೂ ಮಾಡುತ್ತಾರೆ. ಆದರೆ ಅದರಲ್ಲಿ ಸರಾಸರಿ ಬಲ ಸೊನ್ನೆ. ಆದ್ದರಿಂದ ಟೆಂಡರಿನಲ್ಲಿ ಇನ್ನೊಂದು ಸೇರಿಸಿ: ಸರಾಸರಿ ಗಾಳಿಯ ಪಾಲನ್ನು ಬೇರಿಂಗಿನ ಮೇಲೆ ಸ್ಥಿರವಾಗಿ ಹಾಕಿ, ಅದರ ಮೇಲೆ ಬಿರುಸಿನ ಏರಿಳಿತವನ್ನು ಕೂಡಿಸಿ, ಚಂಡಮಾರುತ ಇರುವಷ್ಟು ಗಂಟೆ ಬಿಡದೆ ನಡೆಸಬೇಕು. ಮೊದಲ ಗಂಟೆಯ ಸ್ಥಾನಾಂತರ, ಕೊನೆಯ ಗಂಟೆಯ ಸ್ಥಾನಾಂತರ, ಬಲ ತೆಗೆದ ಮೇಲೆ ಉಳಿದದ್ದು, ಮರುದಿನ ಉಳಿದದ್ದು, ಈ ನಾಲ್ಕೂ ವರದಿಯಲ್ಲಿ ಬರಲಿ. ಬೇರಿಂಗಿನ ಉಷ್ಣತೆಯನ್ನೂ ದಾಖಲಿಸಲು ಹೇಳಿ, ಬಿಸಿ ಏರಿದರೆ ಸೀಸ ಇನ್ನೂ ಬೇಗ ಹರಿಯುತ್ತದೆ.

ಕಟ್ಟಡ ಮುಗಿದ ಮೇಲೆ ಐಸೊಲೇಷನ್ ಪದರದ ಎರಡು ಎದುರುಬದುರು ಮೂಲೆಗಳಲ್ಲಿ ಗೀರುವ ಸೂಜಿ ಮತ್ತು ಲೋಹದ ಫಲಕ ಕೂರಿಸಿ. ವಿದ್ಯುತ್ ಬೇಡ, ಜೋರು ಗಾಳಿ ನಿಂತ ಮೇಲೆ ಯಾರಾದರೂ ಇಳಿದು ಫಲಕದ ಮೇಲಿನ ಗೀರನ್ನು ಅಳೆದು ಬರೆದಿಟ್ಟರೆ ಸಾಕು. ಎರಡು ಮೂಲೆಗಳ ಗೀರುಗಳಲ್ಲಿ ವ್ಯತ್ಯಾಸವಿದ್ದರೆ ಕಟ್ಟಡ ತಿರುಚಿಕೊಂಡಿದೆ ಎಂದು ಅರ್ಥ, ಆಗ ಗೀರು ಹೆಚ್ಚು ಉದ್ದವಿರುವ ಬದಿಯ ಬೇರಿಂಗ್‌ಗಳನ್ನು ಮೊದಲು ಪರಿಶೀಲಿಸಿ.